ಮಾತ್ರೆ ಬಿಟ್ಟವರನ್ನು ಹುಡುಕಿಕೊಂಡು: ಬಿಪಿ ಚಿಕಿತ್ಸೆ ಹಳ್ಳಿಗೆ ಬಂದ ದಾರಿ

"ಬಿಪಿ ಮಾತ್ರೆ ಒಮ್ಮೆ ಶುರು ಮಾಡಿದ್ರೆ ಮುಗೀತು, ಸಾಯೋವರೆಗೂ ಬಿಡೋ ಹಾಗಿಲ್ಲ." ಹೀಗೆ ಹೆದರಿ ಮಾತ್ರೆಯನ್ನೇ ಮುಟ್ಟದವರು ನಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ. ತಲೆ ಸುತ್ತಿಲ್ಲ, ನೋವಿಲ್ಲ, ಹೊಲದ ಕೆಲಸ ಆರಾಮಾಗಿ ನಡೀತಿದೆ. ಮತ್ತೆ ಮಾತ್ರೆ ಯಾಕೆ, ಅಲ್ವಾ? ಇದನ್ನು ಹಳ್ಳಿಯವರ ಅಜ್ಞಾನ ಅಂತ ತಳ್ಳಿಹಾಕಬಾರದು. ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ಡಾಕ್ಟರುಗಳೂ ಹೆಚ್ಚುಕಮ್ಮಿ ಹೀಗೇ ಯೋಚಿಸುತ್ತಿದ್ದರು.

ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ಸಾಧನವನ್ನು ಇಟಲಿಯ ರಿವಾ ರೋಚಿ 1896ರಲ್ಲಿ ತಂದರು. ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಮೇಲಿನ, ಕೆಳಗಿನ ಎರಡೂ ಅಂಕಿ ಹಿಡಿಯುವುದನ್ನು ರಷ್ಯಾದ ಕೊರೊಟ್ಕಾಫ್ 1905ರಲ್ಲಿ ತೋರಿಸಿಕೊಟ್ಟರು. ಅಳೆಯೋದು ಗೊತ್ತಾಯಿತು. ಇಳಿಸೋದು ಗೊತ್ತಾಗಲಿಲ್ಲ, ಇಳಿಸಬೇಕು ಅಂತ ಅನ್ನಿಸಲೂ ಇಲ್ಲ. ವಯಸ್ಸಾದ ರಕ್ತನಾಳಗಳಲ್ಲಿ ರಕ್ತ ಹರಿಯಬೇಕಾದರೆ ಒತ್ತಡ ಜಾಸ್ತಿ ಇರಲೇಬೇಕು ಅನ್ನೋದು ಆಗಿನ ನಂಬಿಕೆ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಬಿಪಿ ವರ್ಷಗಟ್ಟಲೆ ಏರುತ್ತಲೇ ಹೋಯಿತು. 1945ರ ಏಪ್ರಿಲ್ 12ರಂದು ಮೆದುಳಿನಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡರು. ಆ ದಿನ ಅವರ ಬಿಪಿ 300/190. ಅಷ್ಟು ದೊಡ್ಡ ದೇಶದ ಅಧ್ಯಕ್ಷರಿಗೂ ಕೊಡಲು ಸರಿಯಾದ ಮಾತ್ರೆ ಇರಲಿಲ್ಲ.

ಮೊದಲ ಮಾತ್ರೆಗಳಲ್ಲಿ ಒಂದು ಹೊರಟಿದ್ದು ನಮ್ಮ ಕಾಡಿನಿಂದ. ಸರ್ಪಗಂಧದ ಬೇರನ್ನು ನಾಟಿ ವೈದ್ಯರು ಹಿಂದಿನಿಂದಲೂ ಬಳಸುತ್ತಿದ್ದರು. ಅದು ಬಿಪಿ ಇಳಿಸುತ್ತದೆ ಅಂತ ಮುಂಬೈನ ಹೃದಯ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಬರೆದರು. ಜಗತ್ತು ತಿರುಗಿ ನೋಡಿತು. ಮೂರೇ ವರ್ಷಕ್ಕೆ, 1952ರಲ್ಲಿ, ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯವರು ಆ ಬೇರಿನಿಂದ ರೆಸರ್ಪಿನ್ ಅನ್ನೋ ಮದ್ದನ್ನು ಬೇರ್ಪಡಿಸಿದರು. 1950ರ ದಶಕದ ಕೊನೆಗೆ ಮೂತ್ರ ಹೆಚ್ಚಿಸಿ ಒತ್ತಡ ಇಳಿಸುವ ಥಯಾಜೈಡ್ ಮಾತ್ರೆಗಳೂ ಬಂದವು.

ಮಾತ್ರೆ ಜೀವ ಉಳಿಸುತ್ತದಾ ಅನ್ನೋದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 1967ರಲ್ಲಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೀಸ್ ಅವರ ತಂಡ 143 ಗಂಡಸರನ್ನು ಎರಡು ಗುಂಪು ಮಾಡಿತು. ಎಲ್ಲರಿಗೂ ಕೆಳಗಿನ ಅಂಕಿಯೇ 115 ದಾಟಿತ್ತು. ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಮಾತ್ರೆಯಂತೆಯೇ ಕಾಣುವ ಆದರೆ ಮದ್ದಿಲ್ಲದ ಗುಳಿಗೆ. ಗುಳಿಗೆಯ ಗುಂಪಿನಲ್ಲಿ ಗಂಭೀರ ತೊಂದರೆಯಾದವರು 27 ಜನ, ಮಾತ್ರೆಯ ಗುಂಪಿನಲ್ಲಿ ಇಬ್ಬರು. ಆ ಚಿಕಿತ್ಸೆಯ ಮೂರು ಮದ್ದುಗಳಲ್ಲಿ ರೆಸರ್ಪಿನ್ ಕೂಡ ಒಂದು.

ಅಲ್ಲಿಗೆ ವಿಜ್ಞಾನದ ಮುಖ್ಯ ಪ್ರಶ್ನೆ ಮುಗಿಯಿತು. ಹಾಗಿದ್ದರೂ ಐವತ್ತು ವರ್ಷ ದಾಟಿದ ಮೇಲೆ, 2023ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೇನು ಗೊತ್ತಾ? ಜಗತ್ತಿನಲ್ಲಿ ಬಿಪಿ ಇರುವ ಐವರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ ಮಾತ್ರ ಅದು ಹತೋಟಿಯಲ್ಲಿದೆ. ಮದ್ದು ಕಂಡುಹಿಡಿಯೋದಕ್ಕಿಂತ ಅದನ್ನು ಪ್ರತಿ ತಿಂಗಳು ತಪ್ಪದೆ ಜನರ ಕೈಗೆ ಮುಟ್ಟಿಸೋದೇ ಕಷ್ಟದ ಕೆಲಸ. ಈ ಕೆಲಸದ ಚರಿತ್ರೆ ಬೇರೆಯೇ ಇದೆ, ಅದನ್ನು ಹೇಳುವವರು ಕಡಿಮೆ.

ಅದರಲ್ಲಿ ಮೊದಲು ನೆನೆಯಬೇಕಾದ ಹೆಸರು ಜೂಲಿಯನ್ ಟ್ಯೂಡರ್ ಹಾರ್ಟ್. ಬ್ರಿಟನ್ನಿನ ವೇಲ್ಸ್ ಪ್ರದೇಶದ ಗ್ಲಿನ್‌ಕೊರುಗ್ ಅನ್ನೋ ಕಲ್ಲಿದ್ದಲು ಗಣಿ ಕಾರ್ಮಿಕರ ಹಳ್ಳಿಗೆ 1961ರಲ್ಲಿ ಬಂದ ಡಾಕ್ಟರು ಅವರು. ಹಳ್ಳಿಯಲ್ಲಿ ಸುಮಾರು 2,000 ಜನ. ಕಾಯಿಲೆ ಅಂತ ಬಂದವರಿಗೆ ಮಾತ್ರ ಮದ್ದು ಕೊಟ್ಟು ಸುಮ್ಮನಿರುವುದು ಅವರಿಗೆ ಒಗ್ಗಲಿಲ್ಲ. ಬಿಪಿ ಇರುವವರು ತಾವಾಗಿ ಬರುವುದೇ ಇಲ್ಲವಲ್ಲ, ಅವರಿಗೆ ಏನೂ ಅನ್ನಿಸುವುದೇ ಇಲ್ಲವಲ್ಲ! 1968ರ ಸುಮಾರಿಗೆ ಅವರು ಹಳ್ಳಿಯ ವಯಸ್ಕರೆಲ್ಲರ ಬಿಪಿ ನೋಡಲು ಹೊರಟರು. ಕೆಮ್ಮು ಅಂತ ಬಂದವರ, ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದವರ ಬಿಪಿಯನ್ನೂ ನೋಡಿ ಬರೆದಿಟ್ಟುಕೊಂಡರು. ಯಾರ ದಾಖಲೆಯಲ್ಲಿ ಅಂಕಿ ಇಲ್ಲವೋ ಅವರನ್ನು ಹುಡುಕಿಕೊಂಡು ಹೋದರು. ಬಿಪಿ ಸಿಕ್ಕವರನ್ನು ಮತ್ತೆ ಮತ್ತೆ ಕರೆಸಿದರು. ಇಪ್ಪತ್ತೈದು ವರ್ಷದ ದುಡಿಮೆಯ ಲೆಕ್ಕ 1991ರಲ್ಲಿ ಪ್ರಕಟವಾಯಿತು. ಇಂಥ ವ್ಯವಸ್ಥೆ ಇಲ್ಲದ ಪಕ್ಕದ ಹಳ್ಳಿಗೆ ಹೋಲಿಸಿದರೆ ಇಲ್ಲಿ 65 ವರ್ಷದೊಳಗಿನ ಸಾವು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಯಾರಿಗೆ ಚಿಕಿತ್ಸೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ ಅಂತ 1971ರಲ್ಲಿ ಬರೆದವರೂ ಇದೇ ಹಾರ್ಟ್.

ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಅಂದರೆ ಬಹಳ ಕಾಲ ಹೆರಿಗೆ, ಲಸಿಕೆ, ಜ್ವರ, ಕ್ಷಯ, ಕುಟುಂಬ ಯೋಜನೆ. ಬಿಪಿ, ಸಕ್ಕರೆ ಕಾಯಿಲೆ, ಕ್ಯಾನ್ಸರಿಗೆ ರಾಷ್ಟ್ರೀಯ ಕಾರ್ಯಕ್ರಮ ದೊಡ್ಡದಾಗಿ ಶುರುವಾಗಿದ್ದು 2010ರಲ್ಲಿ. ಅಷ್ಟರಲ್ಲಿ ಕಾಯಿಲೆ ಮನೆಮನೆ ಸೇರಿಯಾಗಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಹೆಂಗಸರಲ್ಲಿ ಶೇ. 21, ಗಂಡಸರಲ್ಲಿ ಶೇ. 24 ಜನರಿಗೆ ಬಿಪಿ ಇದೆ.

ನಿಜವಾದ ತಿರುವು ಅಂತ ನಾನು ಹೇಳುವುದು 2017ರ ಕೊನೆಗೆ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವನ್ನು. ಕೇಂದ್ರದ ಆರೋಗ್ಯ ಸಚಿವಾಲಯ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ವಿಶ್ವ ಆರೋಗ್ಯ ಸಂಸ್ಥೆ ಸೇರಿ ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರದ 25 ಜಿಲ್ಲೆಗಳಲ್ಲಿ ಇದನ್ನು ಶುರು ಮಾಡಿದವು. ಅದಕ್ಕೂ ಮುಂಚೆ ಒಬ್ಬೊಬ್ಬ ಡಾಕ್ಟರು ಒಂದೊಂದು ಮಾತ್ರೆ ಬರೆಯುತ್ತಿದ್ದರು. ಹೀಗಾದರೆ ಯಾವುದನ್ನು ಎಷ್ಟು ಇಂಡೆಂಟ್ ಹಾಕೋದು? ಈಗ ಒಂದೇ ದಾರಿ. ಮೊದಲು ಅಮ್ಲೋಡಿಪಿನ್ 5 ಮಿಲಿಗ್ರಾಂ. ತಿಂಗಳಾದ ಮೇಲೂ 140/90ಕ್ಕಿಂತ ಕೆಳಗೆ ಬರದಿದ್ದರೆ ಅದರ ಜೊತೆಗೆ ಟೆಲ್ಮಿಸಾರ್ಟನ್ ಅನ್ನೋ ಇನ್ನೊಂದು ಮಾತ್ರೆ. ಅದೂ ಸಾಲದಿದ್ದರೆ ಡೋಸ್ ಹೆಚ್ಚಿಸುವುದು, ಆಮೇಲೆ ಥಯಾಜೈಡ್ ಜಾತಿಯ ಮಾತ್ರೆ. ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ವ್ಯತ್ಯಾಸ ಇದೆ, ಅಷ್ಟೇ. ಒಂದು ಕೇಂದ್ರದಲ್ಲಿ 200 ಜನ ದಿನಕ್ಕೊಂದು ಅಮ್ಲೋಡಿಪಿನ್ ನುಂಗುತ್ತಿದ್ದರೆ ತಿಂಗಳಿಗೆ 6,000 ಮಾತ್ರೆ ಬೇಕು ಅಂತ ಫಾರ್ಮಸಿಸ್ಟ್ ನಿಂತಲ್ಲೇ ಲೆಕ್ಕ ಹಾಕಬಹುದು. ಸ್ಟಾಕ್ ಖಾಲಿಯಾಗುವ ಮೊದಲೇ ತರಿಸಬಹುದು.

ಮಾತ್ರೆಯನ್ನು ವಾರಕ್ಕೆ, ಹತ್ತು ದಿನಕ್ಕೆ ಅಂತಲ್ಲ, 30 ದಿನಕ್ಕೆ ಒಟ್ಟಿಗೆ ಕೊಡುವುದು ಇನ್ನೊಂದು ಬದಲಾವಣೆ. ಕೂಲಿ ಬಿಟ್ಟು ಬಸ್ ಹತ್ತಿ ಬರುವವರಿಗೆ ಇದರ ಬೆಲೆ ಗೊತ್ತು. ಬಿಪಿ ನೋಡಿ ಬರೆಯುವ ಕೆಲಸ ನರ್ಸ್ ಕೈಗೆ ಬಂತು. ಅವರ ಫೋನಿನಲ್ಲಿ 'ಸಿಂಪಲ್' ಅನ್ನೋ ಆ್ಯಪ್. ರೋಗಿಯ ಕಾರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಅಂಕಿ ಹಾಕಿದರೆ ಮುಗೀತು. ಆ ಆ್ಯಪಿನಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಒಂದೇ ಪುಟ, ಬರಬೇಕಾದ ದಿನ ಬರದವರ ಪಟ್ಟಿ. ಹೆಸರಿನ ಪಕ್ಕದಲ್ಲೇ ಫೋನ್ ಮಾಡುವ ಗುಂಡಿ. "ಅಮ್ಮಾ, ಮಾತ್ರೆ ಮುಗಿದಿರಬೇಕಲ್ಲ, ಯಾವಾಗ ಬರ್ತೀರಿ?" ಅಂತ ಕೇಳಿದರೆ ಸಾಕು, ಎಷ್ಟೋ ಜನ ವಾಪಸ್ ಬರುತ್ತಾರೆ. ಹಾರ್ಟ್ ಒಂದು ಹಳ್ಳಿಯಲ್ಲಿ ಮಾಡಿದ್ದೂ ಇದನ್ನೇ.

2022ರಲ್ಲಿ ಈ ಉಪಕ್ರಮಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು. ಆದರೆ ಅಂಕಿಅಂಶ ನೋಡಿದರೆ ದಾರಿ ಇನ್ನೂ ದೂರ ಇದೆ. ಮೊದಲ ಹಂತದ ಜಿಲ್ಲೆಗಳಲ್ಲಿ 2020ರವರೆಗೆ ನೋಂದಣಿಯಾದವರಲ್ಲಿ 2021ರ ಮೊದಲ ಮೂರು ತಿಂಗಳಲ್ಲಿ ಬಿಪಿ ಹತೋಟಿಗೆ ಬಂದವರು ಶೇ. 43. ಆಸ್ಪತ್ರೆ ಕಡೆ ಬರದೇ ಇದ್ದವರು ಶೇ. 27. ಕೊರೊನಾ ಕಾಲ ಅದು, ನಿಜ. ಆದರೂ ಕೇಂದ್ರದಲ್ಲಿ ಕೂತು ಕಾದರೆ ಸಾಲದು ಅನ್ನೋದು ಎದ್ದು ಕಾಣುತ್ತಿತ್ತು. 2021ರ ಆಗಸ್ಟಿನಲ್ಲಿ ತಮಿಳುನಾಡು ಕೃಷ್ಣಗಿರಿ ಜಿಲ್ಲೆಯಿಂದ ಮನೆ ಬಾಗಿಲಿಗೇ ಮಾತ್ರೆ ತಲುಪಿಸುವ ಯೋಜನೆ ಶುರು ಮಾಡಿತು. ಗಡಿಯ ಈಚೆ, ಪಕ್ಕದ ಕೋಲಾರದಲ್ಲಿ, ಕರ್ನಾಟಕದ 'ಗೃಹ ಆರೋಗ್ಯ' 2024ರಲ್ಲಿ ಶುರುವಾಯಿತು. 30 ವರ್ಷ ದಾಟಿದವರ ಬಿಪಿ, ಶುಗರ್ ಅನ್ನು ಮನೆಗೇ ಹೋಗಿ ನೋಡುವ ಕೆಲಸ ಅದು. ಇದರ ಭಾರ ಬೀಳುವುದು ಆಶಾ ಕಾರ್ಯಕರ್ತೆಯರ ಮೇಲೆ. ಕೆಲಸ ಹೆಚ್ಚಿದಂತೆ ಅವರ ಕೈಗೆ ಬರುವ ದುಡ್ಡೂ ಹೆಚ್ಚಬೇಕು ಅಂತ ನಾನು ಖಂಡಿತ ಹೇಳುತ್ತೇನೆ.

ಇಷ್ಟಾದರೂ ದುಡಿಯುವ ವಯಸ್ಸಿನ ಗಂಡಸರು ಹಗಲು ಮನೆಯಲ್ಲೂ ಸಿಗುವುದಿಲ್ಲ, ಆರೋಗ್ಯ ಕೇಂದ್ರಕ್ಕೂ ಬರುವುದಿಲ್ಲ. ಖಾಸಗಿ ಡಾಕ್ಟರು ಯಾವತ್ತೋ ಬರೆದುಕೊಟ್ಟ ಚೀಟಿ ಹರಿದುಹೋಗಿರುತ್ತದೆ. ಖಾಲಿ ಸ್ಟ್ರಿಪ್ ತೋರಿಸಿ "ಇದೇ ಕೊಡಿ" ಅಂತ ಮೆಡಿಕಲ್ ಶಾಪಿನಲ್ಲಿ ತಗೊಳ್ಳುತ್ತಾರೆ. ಎರಡು ತಿಂಗಳು ಬರದಿದ್ದರೆ ಅಂಗಡಿಯವರು ಫೋನ್ ಮಾಡಿ ಕೇಳುವುದಿಲ್ಲ. ಇವರನ್ನೂ ಪಟ್ಟಿಗೆ ಸೇರಿಸಬೇಕಾದರೆ ಕೆಲಸದ ಜಾಗದಲ್ಲೇ, ಗಾರ್ಮೆಂಟ್ಸ್, ಎಪಿಎಂಸಿ, ಬಸ್ ಡಿಪೋಗಳಲ್ಲೇ ಬಿಪಿ ನೋಡಬೇಕು. ವಾರದಲ್ಲಿ ಒಂದೆರಡು ಸಂಜೆಯಾದರೂ ಮಾತ್ರೆ ಕೊಡುವ ಕೌಂಟರ್ ತೆರೆದಿರಬೇಕು.