ಲೆಕ್ಕ ಕೇಳುವವರು ‘ನೆಗೆಟಿವ್’ ಜನರೇ?

ಪ್ರಶ್ನೆ: ದಾವಣಗೆರೆಯಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಶುರು ಮಾಡಿದ್ದೇನೆ. ವ್ಯಾಪಾರದಲ್ಲಿ ಮೇಲೆ ಬರಬೇಕಾದರೆ ಪಾಸಿಟಿವ್ ಆಗಿರುವ, ಗೆದ್ದ ಜನರ ನಡುವೆಯೇ ಇರಬೇಕು, ನೆಗೆಟಿವ್ ಜನರನ್ನು ಹತ್ತಿರ ಸೇರಿಸಬಾರದು ಎನ್ನುತ್ತಾರೆ. ಅಂಥವರನ್ನು ಆರಿಸಿಕೊಳ್ಳುವುದು ಹೇಗೆ?

ಉತ್ತರ: ಊರು ಬೇರೆ, ಅಂಗಡಿ ಬೇರೆ, ಪ್ರಶ್ನೆ ಮಾತ್ರ ಅದೇ. ಹಾರ್ಡ್‌ವೇರ್‌ನವರು ಕೇಳಿಯಾಯಿತು, ಬೇಕರಿಯವರು ಕೇಳಿಯಾಯಿತು. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ, ಮುಂದೆ ಕೇಳುವವರಿಗೆ ಇದನ್ನೇ ತೋರಿಸಿದರಾಯಿತು.

ಸಹವಾಸ ಮುಖ್ಯ, ಅದರಲ್ಲಿ ತಕರಾರಿಲ್ಲ. ಸಹವಾಸದೋಷದಿಂದ ಸನ್ಯಾಸಿ ಕೆಟ್ಟ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಅಷ್ಟು ತಿಳಿಯಲು ಹೋಟೆಲ್ ಹಾಲ್‌ನ ಸೆಮಿನಾರಿಗೆ ದುಡ್ಡು ಕಟ್ಟಬೇಕಿಲ್ಲ. ನನ್ನ ಜಗಳವೆಲ್ಲ ‘ನೆಗೆಟಿವ್ ಜನರನ್ನು ದೂರ ಇಡಿ’ ಎಂಬ ಮಾತಿನ ಜೊತೆ. ಅದನ್ನು ನಿಮಗೆ ಹೇಳಿದವರು ಯಾರು, ಸ್ವಲ್ಪ ನೆನಪಿಸಿಕೊಳ್ಳಿ. ಬಹಳ ಸಲ ಅವರು ಚೈನ್ ಮಾರ್ಕೆಟಿಂಗ್‌ನ ಅಪ್‌ಲೈನ್, ಅಂದರೆ ನಿಮ್ಮನ್ನು ಸರಪಳಿಗೆ ಸೇರಿಸಿಕೊಂಡ ಮೇಲಿನವರು, ಆಗಿರುತ್ತಾರೆ, ಇಲ್ಲವೇ ತಿಂಗಳಿಗೆ ಇಷ್ಟು ಪರ್ಸೆಂಟ್ ಗ್ಯಾರಂಟಿ ಎನ್ನುವ ಸ್ಕೀಮಿನವರು. ‘ಈ ದುಡ್ಡು ಎಲ್ಲಿಂದ ಬರುತ್ತೆ?’ ಎಂದು ಕೇಳುವ ನಿಮ್ಮ ಅಣ್ಣನಾಗಲಿ, ನಿಮ್ಮ ಆಡಿಟರ್ ಆಗಲಿ ಇಂಥವರಿಗೆ ಬೇಡವೇ ಬೇಡ. ಉತ್ತರ ಇಲ್ಲದ ಕಡೆ ಪ್ರಶ್ನೆ ಕೇಳಿದವನಿಗೇ ‘ನೆಗೆಟಿವ್’ ಎಂಬ ಹಣೆಪಟ್ಟಿ. ಹಣ ಚಲಾವಣೆ ಸ್ಕೀಮುಗಳನ್ನು ನಿಷೇಧಿಸುವ ಕಾಯ್ದೆ 1978ರಲ್ಲೇ ಬಂದಿದೆ, ನೇರ ಮಾರಾಟದ ಹೆಸರಲ್ಲಿ ಪಿರಮಿಡ್ (ಹೊಸಬರನ್ನು ಸೇರಿಸಿದ್ದಕ್ಕೇ ಹಣ ಸಿಗುವ ಸ್ಕೀಮು) ನಡೆಸಬಾರದೆಂದು 2021ರ ನಿಯಮಗಳೂ ಹೇಳುತ್ತವೆ. ಆದರೂ ಸಭೆಗಳು ನಡೆಯುತ್ತಲೇ ಇವೆ, ಚಪ್ಪಾಳೆಗಳೂ.

‘ಅದು ಮೋಸಗಾರರ ಮಾತಾಯಿತು ಸಾರ್, ನಿಜವಾಗಿ ಗೆದ್ದವರ ನಡುವೆ ಇದ್ದರೆ?’ ಎಂದು ಮುಂದಿನ ಪತ್ರ ಬರುತ್ತದೆ, ಗೊತ್ತು. ಅದಕ್ಕೂ ಹೇಳುತ್ತೇನೆ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್ ನೆನಪಿದೆಯೇ? ಅದರ ಸ್ಥಾಪಕ, ಅಧ್ಯಕ್ಷ ರಾಮಲಿಂಗ ರಾಜು ಅವರ ಆಡಳಿತ ಮಂಡಳಿಯಲ್ಲಿ ಹಾರ್ವರ್ಡ್ ಪ್ರಾಧ್ಯಾಪಕರಿದ್ದರು, ಹೆಸರಾಂತ ಬಿಸಿನೆಸ್ ಸ್ಕೂಲಿನ ಡೀನ್ ಇದ್ದರು, ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿ ಇದ್ದರು, ಪೆಂಟಿಯಂ ಚಿಪ್‌ನಿಂದ ಹೆಸರಾದ ಎಂಜಿನಿಯರ್ ಕೂಡ ಇದ್ದರು. ಇದಕ್ಕಿಂತ ಗೆದ್ದ ಜನರನ್ನು ಎಲ್ಲಿಂದ ತರುತ್ತೀರಿ? 2008ರ ಡಿಸೆಂಬರ್ 16ರಂದು, ರಾಜು ಕುಟುಂಬದ್ದೇ ಆದ ಮೇತಾಸ್‌ನ ಎರಡು ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್‌ಗೆ ಕೊಳ್ಳಲು ಈ ಮಂಡಳಿ ಒಪ್ಪಿಗೆ ಕೊಟ್ಟಿತು. ತಡೆದವರು ಹೊರಗಿನ ಹೂಡಿಕೆದಾರರು, ಯಜಮಾನರ ಮುಖ ನೋಡಿ ಮಾತಾಡುವ ದಾಕ್ಷಿಣ್ಯ ಇಲ್ಲದವರು. ಅವರು ತಿರುಗಿಬಿದ್ದ ಮೇಲೆ ಕೆಲವೇ ಗಂಟೆಗಳಲ್ಲಿ ವ್ಯವಹಾರ ಕೈಬಿಟ್ಟರು. 2009ರ ಜನವರಿ 7ರಂದು ರಾಜು ಅವರೇ ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಅದಕ್ಕೆ ಕೆಲವೇ ತಿಂಗಳ ಹಿಂದೆ ಇದೇ ಕಂಪನಿಗೆ ಉತ್ತಮ ಕಾರ್ಪೊರೇಟ್ ಆಡಳಿತದ ಪ್ರಶಸ್ತಿ ಬಂದಿತ್ತು! ಹೌದಪ್ಪನ ಚಾವಡಿಯಲ್ಲಿ ಎಷ್ಟು ದೊಡ್ಡವರು ಕೂತರೂ ಅದು ಹೌದಪ್ಪನ ಚಾವಡಿಯೇ.

ಇನ್ನೊಂದು ಸರಳ ಲೆಕ್ಕ ಹಾಕಿ. ಗೆದ್ದವರೂ ಇದೇ ಸೂತ್ರ ಪಾಲಿಸಿದರೆ, ಇನ್ನೂ ಗೆಲ್ಲದ ನಿಮ್ಮನ್ನು ಅವರು ಹತ್ತಿರ ಬಿಟ್ಟುಕೊಳ್ಳುವುದು ಏತಕ್ಕೆ? 1981ರಲ್ಲಿ ಇನ್ಫೋಸಿಸ್ ಕಟ್ಟಿದ ಏಳು ಜನರಲ್ಲಿ ಅವತ್ತಿಗೆ ಗೆದ್ದ ಉದ್ಯಮಿ ಒಬ್ಬರೂ ಇರಲಿಲ್ಲ.

ಹಾಗಾದರೆ ಯಾರನ್ನು ಆರಿಸಬೇಕು? ಮುಖದ ನಗು ಬಿಡಿ, ವ್ಯವಹಾರ ನೋಡಿ. ಹೇಳಿದ ದಿನ ಪೇಮೆಂಟ್ ಮಾಡುತ್ತಾರಾ, ಹೋದ ವರ್ಷ ಎಲ್ಲಿ ಕೈಸುಟ್ಟುಕೊಂಡರು ಎಂದು ಬಾಯಿಬಿಟ್ಟು ಹೇಳುತ್ತಾರಾ. ನಿಮಗೆ ಮಾಲು ಕೊಡುವವರ ಜಿಎಸ್‌ಟಿ ನಂಬರನ್ನು ಪೋರ್ಟಲ್‌ನಲ್ಲಿ ಹಾಕಿದರೆ ರಿಟರ್ನ್ ಸಲ್ಲಿಸಿದ್ದಾರೋ ಇಲ್ಲವೋ ಯಾರಿಗೂ ಕಾಣುತ್ತದೆ. ಎಷ್ಟೇ ಪಾಸಿಟಿವ್ ಮನುಷ್ಯನಾಗಿರಲಿ, ನಿಮ್ಮ ಬಿಲ್ಲನ್ನು ಆತ ರಿಟರ್ನ್‌ನಲ್ಲಿ ತೋರಿಸದಿದ್ದರೆ ನಿಮ್ಮ ಇನ್‌ಪುಟ್ ಕ್ರೆಡಿಟ್‌ಗೆ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನೀವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶಕ್ಕೆ, ಕಲ್ಲು ಬಿತ್ತು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಈ ‘ಒಳ್ಳೇ ಜನ’ರ ಜೊತೆ ಮುಂದಿನ ಹೆಜ್ಜೆ ಪಾರ್ಟ್‌ನರ್‌ಶಿಪ್, ಅದೂ ಬಾಯಿಮಾತಿನಲ್ಲಿ. ‘ನಮ್ಮ ನಡುವೆ ಪತ್ರ ಏಕೆ?’ ಎನ್ನುವವರು 1932ರ ಪಾಲುದಾರಿಕೆ ಕಾಯ್ದೆ ಏನನ್ನುತ್ತದೆ ಎಂದು ತಿಳಿದಿರಲಿ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ, ನಷ್ಟ ಎರಡೂ ಸಮಪಾಲು. ನೀವು ಹೆಚ್ಚು ಬಂಡವಾಳ ಹಾಕಿದ್ದರೂ ಅಷ್ಟೇ. ದಿನವಿಡೀ ಗಲ್ಲಾದಲ್ಲಿ ಕೂತರೂ ಸಂಬಳ ಕೇಳುವ ಹಕ್ಕಿಲ್ಲ. ಫರ್ಮ್‌ನ ಹೆಸರಲ್ಲಿ ಅವರು ಮಾಡಿದ ಸಾಲವನ್ನು ಪೂರ್ತಿ ನಿಮ್ಮೊಬ್ಬರಿಂದಲೇ ವಸೂಲಿ ಮಾಡಬಹುದು. ಆದ್ದರಿಂದ ಪಾಲುದಾರಿಕೆ ಪತ್ರ (ಡೀಡ್) ಬರೆಸಿ, ಬರೆಸಿ ಬೀರುವಿನಲ್ಲಿಡದೆ ಫರ್ಮ್ ನೋಂದಣಿಯನ್ನೂ ಮಾಡಿಸಿ. ನೋಂದಣಿ ಇಲ್ಲದ ಫರ್ಮ್, ಬಾಕಿ ಕೊಡದ ಗಿರಾಕಿಯ ಮೇಲೆ ದಾವೆ ಹೂಡಲು ಹೋದರೆ ಕೋರ್ಟು ಬಾಗಿಲಲ್ಲೇ ವಾಪಸ್ ಕಳಿಸುತ್ತದೆ.