ಒಟಿಪಿ ಅಪ್ಪನ ಫೋನಿಗೆ ಹೋದಾಗ

ಯಾದಗಿರಿಯ ಒಂದು ಪದವಿ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಕೆಲಸ ನನ್ನ ಪಾಲಿಗಿದೆ. ಅರ್ಜಿ ಹಾಕುವ ದಿನಗಳಲ್ಲಿ ನನ್ನ ಟೇಬಲ್ ಮುಂದೆ ಈ ಮಾತು ಕೇಳದ ದಿನವಿಲ್ಲ: "ಅಪ್ಪಾ, ಈಗ ಒಂದು ನಂಬರ್ ಬಂದದ ನೋಡು, ಲಗೂನ ಹೇಳು." ಹುಡುಗಿ ಇಲ್ಲಿ, ಒಟಿಪಿ ಬೆಂಗಳೂರಿನಲ್ಲಿ. ಶಹಾಪುರ, ಸುರಪುರ, ಗುರುಮಠಕಲ್ ಕಡೆಯ ಎಷ್ಟೋ ತಂದೆತಾಯಂದಿರು ಕಟ್ಟಡದ ಕೆಲಸಕ್ಕೆ ಬೆಂಗಳೂರು, ಪುಣೆ, ಮುಂಬೈಗೆ ಹೋಗುತ್ತಾರೆ. ಮಕ್ಕಳ ಆಧಾರ್ ಮಾಡಿಸುವಾಗ ಕೊಟ್ಟ ಅಪ್ಪನ ನಂಬರ್ ಹಾಗೇ ಉಳಿದಿದೆ. ಸಿಮೆಂಟ್ ಹತ್ತಿದ ಕೈಯಲ್ಲೇ ಅಪ್ಪ ಫೋನ್ ತೆಗೆದು ಒಂದೊಂದೇ ಅಂಕಿ ಓದುತ್ತಾರೆ.

ಹೀಗೆ ಓದಿ ರೂಢಿಯಾದ ಒಬ್ಬ ತಂದೆಗೆ ಹೋದ ವರ್ಷ ಯಾರೋ ಫೋನ್ ಮಾಡಿದರು. ಮಗಳ ಹೆಸರು, ಕಾಲೇಜಿನ ಹೆಸರು ಎರಡನ್ನೂ ಸರಿಯಾಗಿ ಹೇಳಿದರು. "ಸ್ಕಾಲರ್‌ಶಿಪ್ ಮಂಜೂರಾಗಿದೆ, ಬಂದ ನಂಬರ್ ಹೇಳಿ" ಎಂದರು. ಅನುಮಾನ ಹೇಗೆ ಬರಬೇಕು? ಅದು ಬ್ಯಾಂಕಿನ ಒಟಿಪಿ. ಎರಡು ತಿಂಗಳ ಪಗಾರ ಹೋಯಿತು. "ನಂಬರ್ ಓದೋದು ನಾನೇ ಕಲಿಸಿದ್ದರೀ ಸರ್" ಎಂದು ಆ ಹುಡುಗಿ ನನ್ನ ಮುಂದೆ ನಿಂತು ಅತ್ತಳು.

ಅದಕ್ಕೇ ಅರ್ಜಿಗಿಂತ ಮೊದಲು ಒಂದು ಕೆಲಸ ಮಾಡಿ. ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮ ಆಧಾರ್‌ಗೆ ನಿಮ್ಮದೇ ಮೊಬೈಲ್ ನಂಬರ್ ಸೇರಿಸಿ. ಇದಕ್ಕೆ ದಾಖಲೆ ಬೇಡ, ನಿಮ್ಮ ಬೆರಳಚ್ಚು ಸಾಕು. ಅಪ್ಪ ಹಬ್ಬಕ್ಕೆ ಊರಿಗೆ ಬರಲಿ ಎಂದು ಕಾಯಬೇಕಾಗಿಲ್ಲ.

ಇನ್ನು ಅರ್ಜಿ. ರಾಜ್ಯದ್ದಕ್ಕೆ ಎಸ್‌ಎಸ್‌ಪಿ ಪೋರ್ಟಲ್, ಕೇಂದ್ರದ್ದಕ್ಕೆ ಎನ್‌ಎಸ್‌ಪಿ. ಎರಡಕ್ಕೂ ಸರ್ಕಾರದ ಶುಲ್ಕ ಇಲ್ಲ. ಸೈಬರ್ ಅಂಗಡಿಯವರು ಟೈಪ್ ಮಾಡಿದ್ದಕ್ಕೆ ದುಡ್ಡು ತಗೊಂಡರೆ ಅದು ಅವರ ಕೂಲಿ, ಅಷ್ಟೇ. ಜಾತಿ, ಆದಾಯ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ನಂಬರ್ ಅರ್ಜಿಗೆ ಬೇಕು. ಆದಾಯ ಪತ್ರದ ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ಮಾರ್ಕ್ಸ್ ಕಾರ್ಡ್‌ನಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ತರಹ ಇರಲಿ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಕೊಡುವ 371(ಜೆ) ಪತ್ರ ಸೀಟು, ನೌಕರಿಯ ಮೀಸಲಾತಿಗೆ ಬೇಕಾದದ್ದು. ಅದನ್ನು ತೋರಿಸಿ "ಜಾಸ್ತಿ ಸ್ಕಾಲರ್‌ಶಿಪ್ ಮಾಡಿಸಿಕೊಡ್ತೀನಿ" ಎನ್ನುವವರನ್ನು ನಂಬಬೇಡಿ.

ಅರ್ಜಿ ಹಾಕಿದ ಮೇಲೆ ತಿಂಗಳುಗಟ್ಟಲೆ ಸುಮ್ಮನೆ ಕಾಯಬೇಕಾಗುತ್ತದೆ. ಮೋಸಗಾರರು ಬರುವುದು ಆಗಲೇ. "ರೊಕ್ಕ ಯಾವಾಗ ಬರ್ತದ" ಎಂದು ಚಡಪಡಿಸುವವರಿಗೆ "ಪ್ರೊಸೆಸಿಂಗ್ ಫೀ ಕಟ್ಟಿ, ನಾಳೆನೇ ಬರುತ್ತೆ" ಎಂಬ ಫೋನ್ ದೇವರು ಕೊಟ್ಟ ಹಾಗೆ ಕಾಣುತ್ತದೆ. ಕಾಯುವ ಬದಲು ಪೋರ್ಟಲ್‌ನಲ್ಲಿ ನಿಮ್ಮ ಐಡಿ ಹಾಕಿ ಅರ್ಜಿ ಎಲ್ಲಿದೆ ಎಂದು ನೀವೇ ನೋಡಿ. ಕಾಲೇಜಿನಲ್ಲಿ ನಿಂತಿದ್ದರೆ ನಮ್ಮನ್ನು ಕೇಳಿ, ಇಲಾಖೆಯಲ್ಲಿ ನಿಂತಿದ್ದರೆ ಆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಮಂಜೂರಾಗಿಯೂ ಹಣ ಕಾಣಲಿಲ್ಲವೆಂದರೆ ಬಹಳ ಸಲ ಅದು ಬೇರೆ ಖಾತೆಯಲ್ಲಿರುತ್ತದೆ. ಸ್ಕಾಲರ್‌ಶಿಪ್ ಹೋಗುವುದು ಆಧಾರ್ ಸೀಡಿಂಗ್ ಆದ, ಅಂದರೆ ಸರ್ಕಾರದ ಹಣ ಬರಲೆಂದು ಆಧಾರ್‌ಗೆ ಜೋಡಿಸಿದ ಖಾತೆಗೆ. ಅಂಥ ಖಾತೆ ಒಂದೇ ಇರುತ್ತದೆ, ಕೊನೆಗೆ ಸೀಡಿಂಗ್ ಆದದ್ದು. ನನ್ನ ಒಬ್ಬ ವಿದ್ಯಾರ್ಥಿ ಎಂಟು ತಿಂಗಳು ಒಂದೇ ಪಾಸ್‌ಬುಕ್ ಎಂಟ್ರಿ ಮಾಡಿಸಿದ್ದೇ ಮಾಡಿಸಿದ್ದು. ಊರಲ್ಲಿ ಯಾರೋ ಹೇಳಿದರೆಂದು ಹೆಬ್ಬೆಟ್ಟು ಕೊಟ್ಟು ತೆರೆದಿದ್ದ ಇನ್ನೊಂದು ಖಾತೆ ಅವನಿಗೆ ಮರೆತೇ ಹೋಗಿತ್ತು. ಹಣ ಪೂರ್ತಿ ಅಲ್ಲೇ ಇತ್ತು. ಆಧಾರ್ ವೆಬ್‌ಸೈಟ್‌ನಲ್ಲಿ ಲಾಗಿನ್ ಆಗಿ ನಿಮ್ಮ ಸೀಡಿಂಗ್ ಯಾವ ಬ್ಯಾಂಕಿನಲ್ಲಿದೆ ಎಂದು ನೋಡಬಹುದು. ಇದಕ್ಕೂ ಒಟಿಪಿ ಬೇಕು, ನಿಮ್ಮ ನಂಬರ್ ಇದ್ದರೆ ಎರಡು ನಿಮಿಷದ ಕೆಲಸ.

ಇನ್ನೊಂದು ವಿಷಯ ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ. "ಸ್ಕಾಲರ್‌ಶಿಪ್‌ಗೆ ಹೊಸ ಖಾತೆ ತೆರೆಯೋಣ" ಎಂದು ಹುಡುಗರ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಇಸಿದುಕೊಳ್ಳುವವರಿದ್ದಾರೆ. ಬೇರೆಯವರಿಂದ ಕದ್ದ ಹಣ ಆ ಖಾತೆಯ ಮೂಲಕ ದಾಟುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ "ಸ್ಕಾಲರ್‌ಶಿಪ್ ಆ್ಯಪ್" ಫೈಲನ್ನೂ ಒತ್ತಬೇಡಿ. ಹಣ ಬರುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ.

ಒಟಿಪಿ ಓದಿ ಪಗಾರ ಕಳೆದುಕೊಂಡ ಆ ತಂದೆ ಮಗಳಿಗೆ ವಿಷಯ ಹೇಳಿದ್ದು ನಾಲ್ಕು ದಿನದ ಮೇಲೆ, ಬೈದಾಳು ಎಂಬ ಅಂಜಿಕೆಯಿಂದ. ಅಷ್ಟರಲ್ಲಿ ಹಣ ಕೈ ಬದಲಾಯಿಸಿ ಆಗಿತ್ತು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ದಾರಿಯಲ್ಲೇ ತಡೆಹಿಡಿಯುವ ಅವಕಾಶ ಇತ್ತು. ಇವತ್ತು ಸಂಜೆ ಮನೆಗೆ ಮಾತಾಡುವಾಗ ಈ ನಾಲ್ಕು ಅಂಕಿಯನ್ನು ಅಪ್ಪನ ಫೋನಿನಲ್ಲಿ ಸೇವ್ ಮಾಡಿಸಿ.