'ಇಲ್ಲಿ ಮನೆ ಅನಿಸುತ್ತಾ?' ಎಂದು ದಯವಿಟ್ಟು ಕೇಳಬೇಡಿ

ಎಂ.ಎ. ಪ್ರಾಜೆಕ್ಟ್ ಸಮಯ ಬಂತೆಂದರೆ ನನ್ನ ಟೇಬಲ್ ಮೇಲೆ ಟಿಬೆಟಿಯನ್ ನಿರಾಶ್ರಿತರ ಕ್ಯಾಂಪುಗಳಿರುವ ಬೈಲಕುಪ್ಪೆಗೆ ಹೊರಟ ಒಂದಾದರೂ ಪ್ರಶ್ನಾವಳಿ ಬಂದು ಬೀಳುತ್ತದೆ. ಪ್ರತಿ ವರ್ಷ ಹುಡುಗರು ಬೇರೆ, ಪ್ರಶ್ನೆ ಮಾತ್ರ ಅದೇ. 'ನಿಮಗೆ ಇಲ್ಲಿ ಮನೆ ಎನಿಸುತ್ತದೆಯೇ? ಹೌದು / ಇಲ್ಲ.' ಅದರ ಕೆಳಗೆ, 'ಟಿಬೆಟ್‌ಗೆ ಮರಳಲು ಇಷ್ಟವಿದೆಯೇ? ಹೌದು / ಇಲ್ಲ.' ನಾನು ಎರಡನ್ನೂ ಹೊಡೆದು ಹಾಕುತ್ತೇನೆ. ಕೆಲವರು ಒಪ್ಪುತ್ತಾರೆ. ಇನ್ನು ಕೆಲವರು ತಲೆಯಾಡಿಸಿ ಹೋಗಿ, ಮತ್ತೆ ಸೇರಿಸಿಕೊಂಡು ಬಸ್ ಹತ್ತುತ್ತಾರೆ.

ಹಾಗೆ ಬಸ್ ಹತ್ತಿದ ಒಬ್ಬ ಹುಡುಗ ವಾಪಸ್ ಬಂದು, "ಮೇಡಂ, ಡೇಟಾದಲ್ಲಿ ಏನೋ ಎಡವಟ್ಟಾಗಿದೆ" ಅಂದ. ನೋಡಿದರೆ, ವಯಸ್ಸಾದ ಅಮಾಲಾಗಳು (ಟಿಬೆಟಿಯನ್ನರು ಅಮ್ಮಂದಿರನ್ನು ಗೌರವದಿಂದ ಕರೆಯುವುದು ಹೀಗೆ) ಹೆಚ್ಚುಕಮ್ಮಿ ಎಲ್ಲರೂ ಎರಡಕ್ಕೂ 'ಹೌದು' ಅಂದಿದ್ದಾರೆ. ಇಲ್ಲೂ ಮನೆ ಹೌದು, ಅಲ್ಲಿಗೆ ಹೋಗುವ ಆಸೆಯೂ ಹೌದು. ಯಾವುದನ್ನು ಲೆಕ್ಕಕ್ಕೆ ಹಿಡಿಯಲಿ ಅನ್ನೋದು ಅವನ ಚಿಂತೆ. "ಅಮಾಲಾಗಳು ಸರಿಯಾಗೇ ಹೇಳಿದಾರಪ್ಪ, ಎಡವಟ್ಟು ನಿನ್ನ ಫಾರಂದು" ಅಂದೆ. ಮುಖ ಸಪ್ಪಗೆ ಮಾಡಿಕೊಂಡ.

ಹುಡುಗರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ ಮೊಮೊ ತಿಂದು ಬರುವ ನಮ್ಮ ಜನರಲ್ಲೂ ಎರಡು ಪಕ್ಷ. ಒಂದು, "ಪಾಪ, ಊರು ಬಿಟ್ಟು ಬಂದೋರು, ಮನಸ್ಸೆಲ್ಲ ಅಲ್ಲೇ ಇರುತ್ತೆ." ಇನ್ನೊಂದು, "ಏನ್ ಪಾಪ ರೀ, ಎಂಥೆಂಥಾ ಮನೆ ಕಟ್ಕೊಂಡಿದಾರೆ, ಇನ್ನೆಲ್ಲಿ ವಾಪಸ್ ಹೋಗ್ತಾರೆ!" ಕನಿಕರ, ಕೊಂಕು ಯಾವುದೇ ಇರಲಿ, ಇಬ್ಬರ ಲೆಕ್ಕವೂ ಒಂದೇ. ಊರಿನ ನಂಟು ಅಂದರೆ ಒಂದೇ ಚೊಂಬಿನ ನೀರು, ಇಲ್ಲಿಗೆ ಸುರಿದರೆ ಅಲ್ಲಿಗೆ ಖಾಲಿ. ನನಗೆ ತಲೆಕೆಡುವುದು ಈ ಲೆಕ್ಕಕ್ಕೆ.

ಚರಿತ್ರೆ ನಮ್ಮ ಕಡೆಯವರಿಗೆ ಗೊತ್ತಿದ್ದದ್ದೇ. 1960ನೇ ಇಸವಿಯ ಕೊನೆಯಲ್ಲಿ ನಿರಾಶ್ರಿತರ ಮೊದಲ ತಂಡಗಳು ಬಂದವು. ಅಂದಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆ ಕಾಡಿನಲ್ಲಿ ಲುಗ್ಸುಂ ಸಮ್ದುಪ್ಲಿಂಗ್ ಎಂಬ ಕ್ಯಾಂಪ್ ಎದ್ದಿತು. 1969ರಲ್ಲಿ ಪಕ್ಕದಲ್ಲೇ ಎರಡನೆಯದು, ಡಿಕ್ಯಿ ಲಾರ್ಸೊ. ಡೇರೆ, ಸೆಕೆ, ಆನೆ, ಆಮೇಲೆ ಮುಸುಕಿನ ಜೋಳ. ಮಠಗಳನ್ನು ಯಾರು ಕಟ್ಟಿಸಿದರು ಅನ್ನೋದಕ್ಕೆ ಫಲಕಗಳಿವೆ. ಒಂದೇ ಅಚ್ಚಿನಲ್ಲಿ ಕಟ್ಟಿಕೊಟ್ಟ ಆ ಹೆಂಚಿನ ಮನೆಗಳ ಒಳಗೆ ಯಾರು ಏನು ಮಾಡಿದರು ಅನ್ನೋದು ಎಲ್ಲೂ ಬರೆದಿಲ್ಲ. ಅದು ಹೆಂಗಸರ ಕೆಲಸ ಆಗಿತ್ತಲ್ಲ.

ನನಗೆ ಚೆನ್ನಾಗಿ ಪರಿಚಯವಿರುವ ಒಬ್ಬ ಅಮಾಲಾ ಬೆಳಿಗ್ಗೆ ಎದ್ದು ಮುಖ ತೊಳೆದು ಮೊದಲು ಮಾಡುವುದು ದೇವರ ಕೋಣೆಯ ಕೆಲಸ. ಏಳು ಬಟ್ಟಲು. ಒರೆಸಿ, ಸಾಲಾಗಿ ಇಟ್ಟು, ಎಡಗಡೆಯಿಂದ ಒಂದೊಂದಕ್ಕೇ ನೀರು ತುಂಬುತ್ತಾರೆ. ನೀರು ಅಂಚಿಗೆ ಬರಬಾರದು, ಚೂರು ಕೆಳಗೇ ನಿಲ್ಲಬೇಕು. ಬಟ್ಟಲು ಒಂದಕ್ಕೊಂದು ತಾಗಬಾರದು, ಜಾಸ್ತಿ ದೂರವೂ ಆಗಬಾರದು. ನಡುವೆ ಒಂದು ಬಾರ್ಲಿ ಕಾಳು ಹಿಡಿಸುವಷ್ಟು ಜಾಗ. ಅವರ ಹೊಲದಲ್ಲಿ ಬಾರ್ಲಿ ಬೆಳೆದಿದ್ದೇ ಇಲ್ಲ. ಬೆಳೆಯುವುದು ಜೋಳ, ಈಗೀಗ ಶುಂಠಿ. ಆದರೂ ಅಳತೆ ಬಾರ್ಲಿಯದೇ. ಸಂಜೆಗೆ ನೀರು ಚೆಲ್ಲಿ, ಒರೆಸಿ, ಬಟ್ಟಲು ಬೋರಲು ಹಾಕುತ್ತಾರೆ.

ಅಲ್ಲಿಂದ ಅಡುಗೆ ಮನೆಗೆ. ಉಪ್ಪು, ಬೆಣ್ಣೆ ಹಾಕಿದ ಟೀ. ಬೆಣ್ಣೆ ನಂದಿನಿಯದು. ಟೀ ಕಡೆಯುವ ಉದ್ದನೆಯ ಮರದ ಕೊಳವೆ ಮೂಲೆಯಲ್ಲಿ ನಿಂತಿದೆ, ಆದರೆ ಕಡೆಯುವ ಕೆಲಸ ಈಗ ಮಿಕ್ಸಿಯದು. ಮಿಕ್ಸಿ ತಿರುಗುತ್ತಿರುವಾಗಲೇ ಹಿತ್ತಲ ಕಡೆ ತಿರುಗಿ, ಹೊಲದ ಕೆಲಸಕ್ಕೆ ಬರುವ ಪಕ್ಕದೂರಿನ ಹೆಂಗಸಿಗೆ "ಯಾಕವ್ವಾ ಇಷ್ಟೊತ್ತು? ಬಸ್ ಬರ್ಲಿಲ್ವಾ?" ಅಂತ ಅಪ್ಪಟ ಪಿರಿಯಾಪಟ್ಟಣದ ಕನ್ನಡದಲ್ಲಿ ವಿಚಾರಿಸುತ್ತಾರೆ. ಆ ಹೆಂಗಸೂ ಅದೇ ಟೀ ಕುಡಿಯುತ್ತಾಳೆ. ಉಪ್ಪು ಕಮ್ಮಿ ಆಯ್ತು ಅಂತ ದೂರುವಷ್ಟು ಸಲಿಗೆ.

ನಮ್ಮ ಹುಡುಗರು ಆ ಮನೆಗೆ ಹೋದರೆ ಮೂಲೆಯ ಕೊಳವೆಯ ಫೋಟೊ ತೆಗೆದು 'ಸಂಸ್ಕೃತಿಯನ್ನು ಉಳಿಸಿಕೊಂಡಿದ್ದಾರೆ' ಅಂತ ಬರೆಯುತ್ತಾರೆ. ಸ್ವಲ್ಪ ಚುರುಕಿನವರು ಮಿಕ್ಸಿ ನೋಡಿ 'ಸಂಸ್ಕೃತಿ ಬದಲಾಗುತ್ತಿದೆ' ಅಂತ ಬರೆಯುತ್ತಾರೆ. ಅಯ್ಯೋ, ಎರಡೂ ಅಲ್ಲ. ಇನ್ನೊಂದು ಸಲ ಹೇಳುತ್ತೇನೆ, ಬೇಜಾರಾದರೂ ಕೇಳಿ. ಆಕೆ ಬೆಳಿಗ್ಗೆ ಒಂದು ಗಂಟೆ ಟಿಬೆಟ್‌ನಲ್ಲಿ, ಆಮೇಲೆ ಒಂದು ಗಂಟೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಇದ್ದು ಬರುವುದಿಲ್ಲ. ಬಟ್ಟಲು, ನಂದಿನಿ ಬೆಣ್ಣೆ, ಪಕ್ಕದೂರಿನ ಹೆಂಗಸು, ಎಲ್ಲ ಸೇರಿ ಒಂದೇ ಬೆಳಗಿನ ಕೆಲಸ. ದಿನಾ ಮಾಡಬೇಕು. ಒಂದು ದಿನ ಬಿಟ್ಟರೆ ಮನೆ ಹಾಳು ಸುರಿಯುತ್ತದೆ ಅಂತ ಅವರೇ ಗೊಣಗುತ್ತಾರೆ. ಮನೆ ಅನಿಸುತ್ತಾ ಇಲ್ವಾ ಅಂತ ಕೂತು ಯೋಚಿಸಲು ಅವರಿಗೆ ಪುರುಸೊತ್ತಿಲ್ಲ. ಅವರ ಮಾತಿಗಿಂತ ಅವರ ಕೈ ನೋಡಿ ಅಂತ ನಾನು ಬಡ್ಕೊಳ್ಳೋದು ಅದಕ್ಕೇ.

'ದೊಡ್ಡ ಮನೆ' ವಿಷಯಕ್ಕೂ ಬರೋಣ. ಆ ಮನೆಗಳ ಹಿಂದೆ ಸುಮಾರು ಕಡೆ ಚಳಿಗಾಲದ ಸ್ವೆಟರ್ ವ್ಯಾಪಾರದ ದುಡ್ಡಿದೆ, ಇಲ್ಲವೇ ಹೊರದೇಶದಲ್ಲಿರುವ ಮಕ್ಕಳದು. ನ್ಯೂಯಾರ್ಕ್, ಟೊರಾಂಟೊ ಕಡೆ ಹೋದ ಮಗ ದುಡ್ಡು ಕಳಿಸುತ್ತಾನೆ, ಅಮ್ಮ ಮೇಲಂತಸ್ತು ಕಟ್ಟಿಸುತ್ತಾಳೆ. ಮೇಲಂತಸ್ತಿನಲ್ಲಿ ಯಾರೂ ಇಲ್ಲ. ಆದರೂ ವಾರಕ್ಕೊಮ್ಮೆ ಗುಡಿಸಿ ಒರೆಸುತ್ತಾಳೆ. ಟೊರಾಂಟೊದಲ್ಲಿ ಕೂತ ಆ ಮಗನನ್ನು 'ಯಾವ ಊರು?' ಅಂತ ಕೇಳಿದರೆ ಬೈಲಕುಪ್ಪೆ ಅನ್ನುತ್ತಾನೆ. ಅವನು ಲಾಸಾ ಕಂಡವನೇ ಅಲ್ಲ. ಅವನ ಊರಿನ ನೆನಪಿನಲ್ಲಿ ಕುಶಾಲನಗರದ ಸಂತೆ ಇದೆ, ಕ್ಯಾಂಪಿನ ಶಾಲೆ ಇದೆ. ಇದನ್ನು ಯಾವ ಫಾರಂನ ಯಾವ ಚೌಕದಲ್ಲಿ ಟಿಕ್ ಮಾಡುತ್ತೀರಿ?

'ಇಲ್ಲಿಯೋ ಅಲ್ಲಿಯೋ' ಎಂಬ ಪ್ರಶ್ನೆ ನಿಜವಾಗಿ ಇರುವುದು ಕಾಗದಪತ್ರದಲ್ಲಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದ್ದರಿಂದ ಕಾನೂನಿನ ಲೆಕ್ಕದಲ್ಲಿ ಈ ಅಮಾಲಾಗಳು ವಿದೇಶಿಯರು. ಕೈಯಲ್ಲಿ ಆರ್‌ಸಿ ಎಂಬ ನೋಂದಣಿ ಪತ್ರ, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಜಮೀನು ಅವರ ಹೆಸರಿನಲ್ಲಿಲ್ಲ, ಗುತ್ತಿಗೆಯದು. ಅದೇ ಹೊತ್ತಿಗೆ, 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲೇ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯ ನಾಗರಿಕರು. ಅದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಕೇಂದ್ರ ಒಪ್ಪಿತು, ಜೊತೆಗೆ ಷರತ್ತೂ ಬಂತು: ಆರ್‌ಸಿ ಒಪ್ಪಿಸಬೇಕು, ಕ್ಯಾಂಪಿನಲ್ಲಿ ಇರಬಾರದು, ನಿರಾಶ್ರಿತರ ಸೌಲಭ್ಯ ಬಿಡಬೇಕು. ಅಂದರೆ ಇಲ್ಲಿಯವಳು ಅಂತ ಕಾಗದ ಬೇಕಾದರೆ ಇಲ್ಲಿಯ ಮನೆ ಬಿಡು! ನಾನು ವಕೀಲಳಲ್ಲ, ನಿಯಮಗಳೂ ಆಗಾಗ ಬದಲಾಗುತ್ತವೆ. ನನ್ನ ಮಾತು ನಂಬಿ ಯಾರಿಗೂ ಸಲಹೆ ಕೊಡಲು ಹೋಗಬೇಡಿ. ಆದರೆ ಎರಡರಲ್ಲೊಂದು ಆರಿಸು ಅನ್ನುವುದು ಆಫೀಸಿನ ಫಾರಂ. ಅದನ್ನೇ ನಾವೂ ಪ್ರಿಂಟ್ ಹಾಕಿಸಿ ಮನೆಬಾಗಿಲಿಗೆ ಒಯ್ದರೆ, ಅವರು ನಮ್ಮನ್ನು ಯಾವುದೋ ಇಲಾಖೆಯವರು ಅಂದುಕೊಂಡು ಹುಷಾರಾಗಿ ಉತ್ತರ ಕೊಡುತ್ತಾರೆ. ಕೊಡದೆ ಇನ್ನೇನು?

ಫಾರಂ ಮೇಲೆ ಇಷ್ಟು ನಂಬಿಕೆ ಇರುವವರಿಗೆ ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕತೆ ಹೇಳುತ್ತೇನೆ. 1948ರಲ್ಲಿ ಇಲ್ಲೇ ಹತ್ತಿರದ ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ವರ್ಷಗಟ್ಟಲೆ ಸಿದ್ಧಪಡಿಸಿದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ಅವರು ನೆನಪಿನಿಂದಲೇ ಆ ಊರಿನ ಬಗ್ಗೆ ಬರೆದರು. ಜನರ ಜಗಲಿ ಮೇಲೆ ಕೂತಿದ್ದವರಿಗೆ ಅದು ಸಾಧ್ಯ. ಹೌದು/ಇಲ್ಲ ಹಾಳೆಗಳು ಸುಟ್ಟರೆ ನಮ್ಮ ಹುಡುಗರ ಹತ್ತಿರ ಏನು ಉಳಿಯುತ್ತದೋ ಕಾಣೆ.

ಹಾಗಾದರೆ ಏನು ಕೇಳಬೇಕು ಮೇಡಂ? ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತೀರಿ ಅಂತ ಕೇಳಿ. ಈ ಗೋಡೆಗೆ ಬಣ್ಣ ಯಾವಾಗ ಹೊಡೆಸಿದ್ರಿ ಅಂತ ಕೇಳಿ. ಮೇಲಂತಸ್ತಿನ ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಕೇಳಿ. ಟೀ ಕೊಟ್ಟರೆ ಬೇಡ ಅನ್ನಬೇಡಿ. ಆರ್‌ಸಿಯ ಫೋಟೊ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಅವರೇ ತೋರಿಸಿದರೂ. ಮತ್ತೆ ನವೆಂಬರ್, ಡಿಸೆಂಬರ್‌ನಲ್ಲಿ ಹೋಗಿ 'ಮನೆಗೆ ಬೀಗ ಹಾಕಿದೆ' ಅಂತ ನನಗೆ ಫೋನ್ ಮಾಡಬೇಡಿ. ಆಗ ಎಷ್ಟೋ ಜನ ಸ್ವೆಟರ್ ಮಾರಲು ಊರೂರು ಸುತ್ತುತ್ತಿರುತ್ತಾರೆ. ಲೋಸರ್, ಅಂದರೆ ಟಿಬೆಟಿಯನ್ ಹೊಸ ವರ್ಷದ ಹಬ್ಬದ ಹೊತ್ತಿಗೆ ವಾಪಸ್ ಬರುತ್ತಾರೆ, ಆದರೆ ಆಗ ಮನೆ ತುಂಬ ನೆಂಟರು. ಹಬ್ಬ ಮುಗಿದು ಒಂದೆರಡು ವಾರ ಕಳೆದ ಮೇಲೆ ಹೋಗಿ. ಹೋಗುವ ಮುಂಚೆ ಪ್ರಶ್ನೆ ನನಗೆ ತೋರಿಸಿ.